ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೆಟ್ಟಾಗ: ಇಡಿಯಾಗಿ ಬದಲಿಸುವುದೋ, ಬಿಚ್ಚಿ ಓವರ್‌ಹಾಲ್ ಮಾಡಿಸುವುದೋ?

ಗುಂಡ್ಯ ದಾಟಿ ಶಿರಾಡಿ ಘಾಟಿ ಏರುತ್ತಿದ್ದಾಗ ನನ್ನ ಕಾರಿನ ಎಂಜಿನ್ ಇದ್ದಕ್ಕಿದ್ದಂತೆ ಅರಚತೊಡಗಿತು. ಆರ್‌ಪಿಎಂ ಮುಳ್ಳು ನಾಲ್ಕು ಸಾವಿರ ದಾಟಿದರೂ ವೇಗ ಏರಲಿಲ್ಲ. ಹಿಂದೆ ಸಾಲುಗಟ್ಟಿದ್ದ ಟ್ಯಾಂಕರ್‌ಗಳ ಹಾರ್ನ್ ಕೇಳುತ್ತಾ ಹೇಗೋ ಸಕಲೇಶಪುರ ಮುಟ್ಟಿದೆ. ಮರುದಿನ ಡೀಲರ್ ವರ್ಕ್‌ಶಾಪಿನಲ್ಲಿ ಸರ್ವಿಸ್ ಅಡ್ವೈಸರ್ ಇಪ್ಪತ್ತು ನಿಮಿಷದಲ್ಲಿ ತೀರ್ಪು ಕೊಟ್ಟರು: ‘ಗೇರ್‌ಬಾಕ್ಸ್ ಅಸೆಂಬ್ಲಿ ಪೂರ್ತಿ ಬದಲಿಸಬೇಕು.’ ಎಸ್ಟಿಮೇಟ್ ನೋಡಿದರೆ, ಎಂಟು ವರ್ಷದ ಆ ಕಾರನ್ನು ಮಾರಿದರೆ ಸಿಗುವ ಹಣದ ಅರ್ಧಕ್ಕಿಂತ ಹೆಚ್ಚು. ಯಾವ ಭಾಗ ಕೆಟ್ಟಿದೆ ಎಂದು ಕೇಳಿದೆ. ‘ಗೇರ್‌ಬಾಕ್ಸೇ ಕೆಟ್ಟಿದೆ’ ಎಂದರು. ನೆಗಡಿ ಬಂತೆಂದು ಮೂಗನ್ನೇ ಕೊಯ್ಯಲು ಹೊರಟಂತಿತ್ತು.

ಕೊನೆಗೆ ಕೆಟ್ಟಿದ್ದು ಆಯಿಲ್ ಒತ್ತಡವನ್ನು ಬೇಕಾದ ಗೇರಿಗೆ ಹಂಚುವ ವಾಲ್ವ್ ಬಾಡಿಯೊಳಗಿನ ಒಂದು ಸೊಲೆನಾಯ್ಡ್, ಅಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಪುಟ್ಟ ಕವಾಟ. ಆ ಕಥೆ ಮುಂದೆ ಬರುತ್ತದೆ. ಆದರೆ ‘ಡೀಲರ್‌ಗಳೆಲ್ಲ ಮೋಸಗಾರರು, ಹೊರಗಿನ ಗ್ಯಾರೇಜೇ ದೇವರು’ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ನನ್ನ ಬಂಧುವೊಬ್ಬರು ಹೊರಗೆ ಎರಡು ಸಲ ಓವರ್‌ಹಾಲ್ ಮಾಡಿಸಿ, ಮೂರನೆಯ ಸಲ ಹೊಸ ಯೂನಿಟ್ಟನ್ನೇ ಹಾಕಿಸಿಕೊಂಡರು. ಬದಲಿಸುವುದೋ ರಿಪೇರಿಯೋ ಎಂಬ ಪ್ರಶ್ನೆಗೆ ಮುನ್ನ ‘ಸತ್ತದ್ದು ಯಾವ ಭಾಗ, ಏಕೆ ಸತ್ತಿತು’ ಎಂಬ ಪ್ರಶ್ನೆಗೆ ಬರಹದಲ್ಲಿ ಉತ್ತರ ಪಡೆಯಬೇಕು. ಅದಿಲ್ಲದೆ ಸಹಿ ಹಾಕಿದ ಎಸ್ಟಿಮೇಟ್ ಎರಡು ದಾರಿಯಲ್ಲೂ ದುಬಾರಿಯೇ.

ಮೊದಲ ಹೆಜ್ಜೆ: ಓಡಿಸುವುದನ್ನು ನಿಲ್ಲಿಸಿ

ಗೇರ್ ಜಾರುವುದು, ಡಿ ಗೆ ಹಾಕಿದಾಗ ದಡ್ ಎಂದು ಬಡಿಯುವುದು, ರಿವರ್ಸ್ ತಡವಾಗಿ ಹಿಡಿಯುವುದು, ಸುಟ್ಟ ವಾಸನೆ, ಒಂದೇ ಗೇರ್‌ನಲ್ಲಿ ಸಿಕ್ಕಿಕೊಳ್ಳುವುದು: ಇವುಗಳಲ್ಲಿ ಯಾವುದು ಕಂಡರೂ ‘ಈ ವಾರ ಆಫೀಸಿಗೆ ಹೋಗಿ ಬಂದು ಶನಿವಾರ ತೋರಿಸೋಣ’ ಎನ್ನಬೇಡಿ. ಜಾರುವ ಕ್ಲಚ್ ಪ್ಲೇಟಿನಿಂದ ಉದುರಿದ ಪುಡಿ ಆಯಿಲ್ ಜೊತೆ ಸುತ್ತಿ ವಾಲ್ವ್ ಬಾಡಿಯ ಸಣ್ಣ ರಂಧ್ರಗಳಿಗೆ, ಆಯಿಲ್ ತಣಿಸುವ ಕೂಲರಿಗೆ, ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿಗೆ ಸೇರುತ್ತದೆ. ಒಂದು ಭಾಗದ ರೋಗ ನಾಲ್ಕು ಭಾಗಕ್ಕೆ ಹಬ್ಬುವುದು ಹೀಗೆ.

ಕಾರನ್ನು ಸಾಗಿಸುವಾಗ ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕರೆಸಿ. ಹೆಚ್ಚಿನ ಆಟೊಮ್ಯಾಟಿಕ್‌ಗಳಲ್ಲಿ ಆಯಿಲ್ ಪಂಪ್ ತಿರುಗುವುದು ಎಂಜಿನ್ ಬಲದಿಂದ. ಎಂಜಿನ್ ಆಫ್ ಮಾಡಿ ಹಗ್ಗ ಕಟ್ಟಿ ಎಳೆದರೆ ಚಕ್ರ ಮಾತ್ರ ತಿರುಗುತ್ತದೆ, ಒಳಗೆ ಆಯಿಲ್ ಹರಿಯುವುದಿಲ್ಲ. ವರ್ಕ್‌ಶಾಪ್ ಮುಟ್ಟುವಷ್ಟರಲ್ಲಿ ನಿಜವಾಗಿಯೂ ‘ಪೂರ್ತಿ ಬದಲಿಸಬೇಕಾದ’ ಸ್ಥಿತಿಗೆ ಬಂದಿರಬಹುದು.

ಮಳೆನೀರಿನಲ್ಲಿ ಮುಳುಗಿದ ಕಾರಾದರೆ ಸ್ಟಾರ್ಟ್ ಮಾಡಲೇಬೇಡಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ನೀರು ನಿಂತಾಗ ಬೇಸ್‌ಮೆಂಟ್‌ಗಳಲ್ಲಿ ನೆನೆದ ಕಾರುಗಳು ನೆನಪಿರಬಹುದು. ಗೇರ್‌ಬಾಕ್ಸಿನ ಗಾಳಿಕಿಂಡಿಯ ಮೂಲಕ ಒಳಸೇರಿದ ನೀರು ಕ್ಲಚ್ ಪ್ಲೇಟಿಗೆ ಅಂಟಿಸಿರುವ ಕಾಗದದಂಥ ಲೈನಿಂಗನ್ನು ಎಬ್ಬಿಸಿಬಿಡುತ್ತದೆ.

ಎರಡನೆಯ ಹೆಜ್ಜೆ: ನಿಮ್ಮದು ಯಾವ ಆಟೊಮ್ಯಾಟಿಕ್ ಎಂದು ತಿಳಿಯಿರಿ

ಷೋರೂಮಿನಲ್ಲಿ ಎಲ್ಲವನ್ನೂ ‘ಆಟೊಮ್ಯಾಟಿಕ್’ ಎಂದೇ ಮಾರುತ್ತಾರೆ. ಆ ಒಂದು ಹೆಸರಿನಡಿ ನಾಲ್ಕು ಬೇರೆ ಬೇರೆ ಯಂತ್ರಗಳಿವೆ. ಬದಲಿಸುವುದೋ ಬಿಚ್ಚುವುದೋ ಎಂಬ ಲೆಕ್ಕ ನಾಲ್ಕಕ್ಕೂ ಬೇರೆ.

ಎಎಂಟಿ: 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮ ರಸ್ತೆಗಿಳಿದ ಅಗ್ಗದ ಆಟೊಮ್ಯಾಟಿಕ್ ಇದು. ಒಳಗಿರುವುದು ಸಾಮಾನ್ಯ ಮ್ಯಾನುಯಲ್ ಗೇರ್‌ಬಾಕ್ಸ್. ಎಡಗಾಲಿನ ಮತ್ತು ಎಡಗೈಯ ಕೆಲಸವನ್ನು ಒಂದು ಆಕ್ಚುಯೇಟರ್ ಮಾಡುತ್ತದೆ. ಕೆಡುವುದು ಹೆಚ್ಚಾಗಿ ಕ್ಲಚ್, ರಿಲೀಸ್ ಬೇರಿಂಗ್, ಆಕ್ಚುಯೇಟರ್ ಅಥವಾ ಅದರ ಹೈಡ್ರಾಲಿಕ್ ಪಂಪ್. ಎಎಂಟಿ ಕಾರಿಗೆ ಯಾರಾದರೂ ‘ಇಡೀ ಗೇರ್‌ಬಾಕ್ಸ್ ಬದಲಿಸಿ’ ಎಂದರೆ ಹುಬ್ಬೇರಿಸಿ. ಗೇರ್ ಹಲ್ಲು ಮುರಿದಿದ್ದರೆ ಅಥವಾ ಕವಚ ಒಡೆದಿದ್ದರೆ ಹೊರತು ಅದಕ್ಕೆ ಕಾರಣವೇ ಇರುವುದಿಲ್ಲ.

ಡ್ಯುಯಲ್ ಕ್ಲಚ್: ಒಂದು ಕ್ಲಚ್ ಬೆಸ ಸಂಖ್ಯೆಯ ಗೇರ್‌ಗಳಿಗೆ, ಇನ್ನೊಂದು ಸಮ ಸಂಖ್ಯೆಯವಕ್ಕೆ. ಆಯಿಲ್‌ನಲ್ಲಿ ಮುಳುಗಿದ ‘ವೆಟ್’ ಮತ್ತು ಗಾಳಿಗೆ ತೆರೆದ ‘ಡ್ರೈ’ ಎಂದು ಎರಡು ಬಗೆ. ನಮ್ಮಲ್ಲಿ ಹೆಚ್ಚು ತಲೆನೋವು ಕೊಡುವುದು ಡ್ರೈ. ಸಿಲ್ಕ್ ಬೋರ್ಡ್‌ನಲ್ಲಿ ಇಂಚಿಂಚಾಗಿ ತೆವಳುವಾಗ ಆ ಕ್ಲಚ್ ಅರೆ ಹಿಡಿದು ಅರೆ ಬಿಟ್ಟು ಕಾಯುತ್ತಲೇ ಇರುತ್ತದೆ. ಫೋಕ್ಸ್‌ವ್ಯಾಗನ್ ಗುಂಪಿನ ಏಳು ಗೇರಿನ ಡಿಎಸ್‌ಜಿ, ತಯಾರಕರ ಭಾಷೆಯಲ್ಲಿ ಡಿಕ್ಯೂ200, ಈ ಜಾತಿಯ ಪ್ರಸಿದ್ಧ ಉದಾಹರಣೆ. ಅದರಲ್ಲಿ ತೊಂದರೆ ಕೊಡುವ ಎರಡು ಜಾಗಗಳೆಂದರೆ ಕ್ಲಚ್ ಜೋಡಿ ಮತ್ತು ಮೆಕಾಟ್ರಾನಿಕ್ ಎಂಬ ಹೈಡ್ರಾಲಿಕ್-ಎಲೆಕ್ಟ್ರಾನಿಕ್ ಘಟಕ. ಎರಡೂ ಪ್ರತ್ಯೇಕ ಬಿಡಿಭಾಗಗಳು; ಗೇರ್ ಚಕ್ರಗಳಿರುವ ಒಡಲನ್ನು ಬಿಚ್ಚದೆಯೇ ಬದಲಿಸಬಹುದು. 2013ರ ನವೆಂಬರಿನಲ್ಲಿ ಕಂಪನಿಯೇ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ವಾಪಸ್ ಕರೆಸಿತು. ಬಿಸಿಲು-ತೇವದ ಹವೆಯಲ್ಲಿ ಸಿಂಥೆಟಿಕ್ ಆಯಿಲ್ ವಿದ್ಯುತ್ ದೋಷಕ್ಕೆ ಕಾರಣವಾಗುತ್ತಿದ್ದುದರಿಂದ ಅದನ್ನು ತೆಗೆದು ಮಿನರಲ್ ಆಯಿಲ್ ತುಂಬಿಸಲು. ಗೇರ್‌ಬಾಕ್ಸ್ ಬದಲಿಸಲು ಅಲ್ಲ, ಆಯಿಲ್ ಬದಲಿಸಲು.

ಫೋರ್ಡ್‌ನ ಪವರ್‌ಶಿಫ್ಟ್ ಕೂಡ ಡ್ರೈ ಡ್ಯುಯಲ್ ಕ್ಲಚ್. ಆಸ್ಟ್ರೇಲಿಯದಲ್ಲಿ ಗ್ರಾಹಕರು ನಡುಕದ ದೂರು ತಂದಾಗ ‘ನೀವು ಓಡಿಸುವ ರೀತಿಯೇ ಕಾರಣ’ ಎಂದು ಅವರನ್ನು ಸಾಗಹಾಕಿದ್ದಕ್ಕೆ 2018ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಕಂಪನಿಗೆ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ‘ನಿಮ್ಮ ಡ್ರೈವಿಂಗ್ ಸರಿಯಿಲ್ಲ’ ಎಂಬ ಮಾತು ನಮ್ಮ ಸರ್ವಿಸ್ ಕೌಂಟರ್‌ಗಳಲ್ಲೂ ಕೇಳಿಬರುತ್ತದೆ. ಕೇಳಿಬಂದರೆ ಅದನ್ನೂ ಜಾಬ್ ಕಾರ್ಡ್‌ನಲ್ಲಿ ಬರೆದುಕೊಡಲು ಹೇಳಿ. ಬರೆಯುವವರು ವಿರಳ.

ಸಿವಿಟಿ: ಇದರಲ್ಲಿ ಗೇರ್ ಮೆಟ್ಟಿಲುಗಳಿಲ್ಲ. ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಅಥವಾ ಚೈನು ಓಡುತ್ತದೆ, ಪುಲ್ಲಿಗಳು ಅಗಲ ಬದಲಿಸಿ ಅನುಪಾತ ಬದಲಿಸುತ್ತವೆ. ಬೆಲ್ಟ್ ಒಮ್ಮೆ ಜಾರಿ ಪುಲ್ಲಿಯ ನಯವಾದ ಮುಖವನ್ನು ಗೀಚಿತೆಂದರೆ ಬೆಲ್ಟ್, ಎರಡು ಪುಲ್ಲಿ, ಪಂಪ್ ಎಲ್ಲ ಸೇರಿಸಿದ ಮೊತ್ತ ಹೊಸ ಯೂನಿಟ್ಟಿನ ಹತ್ತಿರಕ್ಕೆ ಬರುತ್ತದೆ. ನಿಸ್ಸಾನ್ ಕಂಪನಿ ಅಮೆರಿಕದಲ್ಲಿ 2003ರಿಂದ 2010ರವರೆಗಿನ ಮಾದರಿಗಳ ಸಿವಿಟಿ ವಾರಂಟಿಯನ್ನು 10 ವರ್ಷ ಅಥವಾ 1,20,000 ಮೈಲಿಗೆ ವಿಸ್ತರಿಸಬೇಕಾಯಿತು. ಬೆಲ್ಟ್ ಮತ್ತು ಪುಲ್ಲಿ ಸವೆದ ಸಿವಿಟಿಗೆ ಇಡೀ ಯೂನಿಟ್ ಬದಲಾವಣೆಯೇ ಜಾಣತನ. ಈ ವಿಷಯದಲ್ಲಿ ನಾನು ಡೀಲರ್ ಪಕ್ಷ. ಆದರೆ ತೊಂದರೆ ಇರುವುದು ಸೆನ್ಸರ್‌ನಲ್ಲೋ ವಾಲ್ವ್ ಬಾಡಿಯಲ್ಲೋ ಆದರೆ ಬೆಲ್ಟನ್ನು ಮುಟ್ಟುವ ಅಗತ್ಯವೇ ಇಲ್ಲ.

ಟಾರ್ಕ್ ಕನ್ವರ್ಟರ್: ಹಳೆಯ, ಗಟ್ಟಿ ಜಾತಿ. ಇನ್ನೊವಾ ಕ್ರಿಸ್ಟಾದ ಆರು ಗೇರಿನದ್ದೂ, ಬಿಎಂಡಬ್ಲ್ಯು ಮೊದಲಾದ ಕಾರುಗಳಲ್ಲಿರುವ ಜರ್ಮನಿಯ ಝಡ್‌ಎಫ್ ಕಂಪನಿಯ ಎಂಟು ಗೇರಿನದ್ದೂ ಇದೇ. ಓವರ್‌ಹಾಲ್ ಎಂಬ ಮಾತಿಗೆ ನಿಜವಾದ ಅರ್ಥವಿರುವುದು ಇಲ್ಲಿ. ಕ್ಲಚ್ ಪ್ಲೇಟುಗಳ ಕಟ್ಟು, ಸೀಲು, ಬುಷ್, ಫಿಲ್ಟರ್ ಎಲ್ಲವೂ ಬಿಡಿಯಾಗಿ ಸಿಗುತ್ತವೆ. ಪ್ಲಾನೆಟರಿ ಗೇರ್‌ಗಳು ಸಾಮಾನ್ಯವಾಗಿ ಬಾಳಿಕೆ ಬರುತ್ತವೆ. ಬಲ್ಲವರ ಕೈಗೆ ಬಿದ್ದರೆ ಓವರ್‌ಹಾಲ್ ಆದ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್ ಹೊಸದರಂತೆಯೇ ಓಡುತ್ತದೆ.

ಮೂರನೆಯ ಹೆಜ್ಜೆ: ತಪಾಸಣೆಗೆ ಬೇರೆಯಾಗಿ ಹಣ ಕೊಡಿ, ವರದಿ ಪಡೆಯಿರಿ

ಜಿಪುಣತನ ಇಲ್ಲಿ ಬೇಡ. ‘ಮೊದಲು ಡಯಾಗ್ನೋಸಿಸ್ ಮಾತ್ರ, ಅದರ ಬಿಲ್ ಬೇರೆ ಕೊಡಿ’ ಎಂದು ಹೇಳಿದ ಕೂಡಲೇ ಮಾತಿನ ಧಾಟಿ ಬದಲಾಗುವುದನ್ನು ನಾನು ಕಂಡಿದ್ದೇನೆ. ವರದಿಯಲ್ಲಿ ಈ ಸಂಗತಿಗಳಿರಬೇಕು.

ಸ್ಕ್ಯಾನರ್ ತೋರಿಸಿದ ಎಲ್ಲ ದೋಷಸಂಕೇತಗಳು, ಅವು ದಾಖಲಾದಾಗಿನ ವೇಗ, ಆಯಿಲ್ ತಾಪಮಾನಗಳ ಸಮೇತ. ಪಿ0700 ಎಂದಷ್ಟೇ ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ‘ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ಹೇಳುತ್ತಿದೆ, ಅಲ್ಲಿ ಹೋಗಿ ಕೇಳಿ’ ಎಂದಷ್ಟೇ ಅದರ ಅರ್ಥ. ಪಿ0741 ಎಂದರೆ ಟಾರ್ಕ್ ಕನ್ವರ್ಟರಿನ ಲಾಕಪ್ ಕ್ಲಚ್ ಹಿಡಿಯುತ್ತಿಲ್ಲ. ಪಿ0731ರಿಂದ ಶುರುವಾಗುವ ಸಾಲು ಯಾವ ಗೇರಿನ ಅನುಪಾತ ತಪ್ಪುತ್ತಿದೆ ಎಂದು ಹೇಳುತ್ತದೆ. ಸಂಕೇತ ದೋಷದ ವಿಳಾಸವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನಲ್ಲ.

ಬ್ಯಾಟರಿ ಮತ್ತು ವೈರಿಂಗ್. ಇದನ್ನು ಒತ್ತಿ ಹೇಳುತ್ತೇನೆ. ಬ್ಯಾಟರಿ ವೋಲ್ಟೇಜ್ ಕುಸಿದರೆ ಗೇರ್‌ಬಾಕ್ಸ್ ಕಂಪ್ಯೂಟರ್ ಹುಚ್ಚುಹುಚ್ಚಾಗಿ ದೂರು ಕೊಡುತ್ತದೆ. ಇನ್ನು ಇಲಿ! ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೆರೆಯವರ ಕಾರು ಮೂರನೆಯ ಗೇರಿನಲ್ಲೇ ಸಿಕ್ಕಿಕೊಂಡಿತ್ತು. ಅವರಿಗೆ ಮೆಕಾಟ್ರಾನಿಕ್ ಬದಲಿಸುವ ಎಸ್ಟಿಮೇಟ್ ಬಂದಿತ್ತು. ಕಡೆಗೆ ಸಿಕ್ಕಿದ್ದು ಏರ್ ಫಿಲ್ಟರ್ ಡಬ್ಬದ ಕೆಳಗೆ ಇಲಿ ಕಡಿದ ಎರಡು ವೈರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ.

ಆಯಿಲ್ ಮತ್ತು ಪ್ಯಾನ್. ಗೇರ್‌ಬಾಕ್ಸಿನ ತಳದಲ್ಲಿರುವ ಆಯಿಲ್ ತಟ್ಟೆಯೇ ಪ್ಯಾನ್; ಅದನ್ನು ಬಿಚ್ಚುವಾಗ ನೀವು ಎದುರಿಗಿರಿ, ಫೋಟೊ ತೆಗೆದುಕೊಳ್ಳಿ. ಅದರೊಳಗಿನ ಆಯಸ್ಕಾಂತದ ಮೇಲೆ ವಿಭೂತಿಯಂಥ ನುಣ್ಣನೆಯ ಬೂದು ಲೇಪವಿದ್ದರೆ ಗಾಬರಿ ಬೇಡ, ಅದು ಸಹಜ ಸವೆತ. ಕಪ್ಪು ಹರಳುಗಳು ಕಂಡರೆ ಕ್ಲಚ್ ಲೈನಿಂಗ್ ಉದುರುತ್ತಿದೆ. ಹಿತ್ತಾಳೆಯ ಬಣ್ಣದ ಚೂರು ಎಂದರೆ ಬುಷ್. ಹೊಳೆಯುವ ಉಕ್ಕಿನ ಚಕ್ಕೆ ಎಂದರೆ ಗೇರ್ ಅಥವಾ ಬೇರಿಂಗ್, ಅಂದರೆ ಲೆಕ್ಕ ದೊಡ್ಡದಾಯಿತು. ಆಯಿಲ್ ರೋಸ್ ಮಿಲ್ಕ್ ಬಣ್ಣಕ್ಕೆ ತಿರುಗಿದ್ದರೆ ಕೂಲರ್ ಒಡೆದು ರೇಡಿಯೇಟರ್ ನೀರು ಸೇರಿದೆ. ಆಗ ಬರೀ ಆಯಿಲ್ ಬದಲಿಸಿ ಕಳಿಸುವವರನ್ನು ನಂಬಬೇಡಿ, ಒಳಗಿನ ಲೈನಿಂಗ್‌ಗಳ ಕಥೆ ಮುಗಿದಿರುತ್ತದೆ.

ಆಯಿಲ್ ಪ್ರೆಶರ್ ಪರೀಕ್ಷೆಯ ಅಂಕಿ, ಕಂಪನಿ ಕೊಟ್ಟಿರುವ ಮಿತಿಯೊಡನೆ. ಗೇರ್‌ಬಾಕ್ಸ್ ಸಾಫ್ಟ್‌ವೇರ್‌ಗೆ ಹೊಸ ಆವೃತ್ತಿ ಬಂದಿದೆಯೇ, ಈ ಮಾದರಿಗೆ ಕಂಪನಿಯಿಂದ ಸರ್ವಿಸ್ ಸೂಚನೆ ಅಥವಾ ರೀಕಾಲ್ ಇದೆಯೇ ಎಂಬ ಉತ್ತರ. ಷಾಸಿ ಸಂಖ್ಯೆ ಹಾಕಿದರೆ ಅವರ ಕಂಪ್ಯೂಟರಿನಲ್ಲೇ ಸಿಗುವ ಮಾಹಿತಿ ಇದು.

ನನ್ನ ಕಾರಿನ ಪ್ಯಾನ್ ಸ್ವಚ್ಛವಾಗಿತ್ತು. ಒಂದೇ ಗೇರಿನ ಪ್ರೆಶರ್ ಕಡಿಮೆಯಿತ್ತು. ವರದಿ ಕೈಗೆ ಬಂದಾಗ, ಅದನ್ನು ಓದಿದ ಅದೇ ವರ್ಕ್‌ಶಾಪಿನ ಹಿರಿಯ ತಂತ್ರಜ್ಞರೇ ‘ವಾಲ್ವ್ ಬಾಡಿ ಹಾಕಿ ನೋಡೋಣ’ ಎಂದರು. ಎಸ್ಟಿಮೇಟ್ ಕಾಲು ಭಾಗಕ್ಕಿಳಿಯಿತು.

ನಾಲ್ಕನೆಯ ಹೆಜ್ಜೆ: ಡೀಲರ್ ಏಕೆ ‘ಬದಲಿಸಿ’ ಎನ್ನುತ್ತಾರೆ ಎಂದು ಅರ್ಥ ಮಾಡಿಕೊಳ್ಳಿ

ದುರಾಸೆ ಒಂದೇ ಕಾರಣವಲ್ಲ. ಗೇರ್‌ಬಾಕ್ಸ್ ಬಿಚ್ಚಲು ಧೂಳಿಲ್ಲದ ಕೋಣೆ, ಆ ಮಾದರಿಗೇ ಮಾಡಿಸಿದ ಸಾಧನಗಳು, ನೂರಾರು ಭಾಗಗಳನ್ನು ಕ್ರಮ ತಪ್ಪದೆ ಜೋಡಿಸುವ ಕೈ ಬೇಕು. ದಿನಕ್ಕೆ ಹತ್ತಾರು ಕಾರುಗಳ ಆಯಿಲ್ ಸರ್ವಿಸ್ ಮಾಡುವ ವರ್ಕ್‌ಶಾಪಿಗೆ ಅಂಥ ಒಬ್ಬ ತಂತ್ರಜ್ಞನನ್ನು ಸಾಕುವುದು ಕಷ್ಟ. ಸಾಕಿದರೂ ಒಂದು ಲಿಫ್ಟ್ ವಾರಗಟ್ಟಲೆ ಕಟ್ಟಿಬೀಳುತ್ತದೆ. ಹೊಸ ಯೂನಿಟ್ ಬಂದರೆ ಎರಡು ಮೂರು ದಿನದಲ್ಲಿ ಕೆಲಸ ಮುಗಿಯುತ್ತದೆ, ಮತ್ತೆ ಕೆಟ್ಟರೆ ಹೊಣೆ ಭಾಗ ಕಳಿಸಿದ ಕಂಪನಿಯ ಮೇಲೆ ಹೋಗುತ್ತದೆ. ವಾರಂಟಿಯಲ್ಲಿರುವ ಕಾರಾದರೆ ಎಷ್ಟೋ ತಯಾರಕರು ‘ಬಿಚ್ಚಬೇಡಿ, ಹಾಗೆಯೇ ಕಳಿಸಿ’ ಎಂದೇ ಆದೇಶಿಸುತ್ತಾರೆ. ಕೆಟ್ಟ ಯೂನಿಟ್ಟನ್ನು ತಾವೇ ಪರೀಕ್ಷಿಸಬೇಕೆಂದು.

ಹೀಗಾಗಿ ವಾರಂಟಿಯಲ್ಲಿದ್ದಾಗ ಬದಲಾವಣೆ ಸಿಕ್ಕರೆ ತೆರೆದ ಕೈಯಿಂದ ಸ್ವೀಕರಿಸಿ. ಅಲ್ಲಿ ಓವರ್‌ಹಾಲ್‌ಗೆ ಒಪ್ಪಬೇಡಿ. ನಿಮ್ಮದೇ ಹಣ ಖರ್ಚಾಗುವಾಗ ಮಾತ್ರ ಒಂದು ಮಾತು ನೆನಪಿರಲಿ: ‘ಪೂರ್ತಿ ಬದಲಿಸಬೇಕು’ ಎಂಬುದು ಅನೇಕ ಸಲ ಆ ವರ್ಕ್‌ಶಾಪಿನ ಮಿತಿಯ ವರ್ಣನೆ, ನಿಮ್ಮ ಕಾರಿನ ಸ್ಥಿತಿಯದಲ್ಲ.

ಹೊರಗಿನ ತಜ್ಞರಿಗೆ ಬಿಡಿಭಾಗ ಸಿಗದಂತಾಗಿರುವುದಕ್ಕೂ ಒಂದು ಇತಿಹಾಸವಿದೆ. ಸ್ವತಂತ್ರ ಗ್ಯಾರೇಜುಗಳಿಗೆ ಬಿಡಿಭಾಗ, ತಪಾಸಣಾ ಸಾಧನಗಳನ್ನು ಕೊಡದೆ ಮಾರುಕಟ್ಟೆ ಬಿಗಿ ಹಿಡಿದಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಗಳು ಮೇಲ್ಮನವಿ ಹೋದವು. 2022ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’ ಜಾಲತಾಣ ತೆರೆದಾಗ ಅದರ ನಾಲ್ಕು ವಲಯಗಳಲ್ಲಿ ವಾಹನಗಳೂ ಒಂದಾಗಿದ್ದವು. ದಾರಿ ಉದ್ದವಿದೆ, ಆದರೆ ‘ಹೊರಗೆ ಬಿಚ್ಚಿಸುವುದೇ ಅಪರಾಧ’ ಎಂಬ ಧಾಟಿಯ ಮಾತಿಗೆ ಹೆದರಬೇಕಿಲ್ಲ.

ಐದನೆಯ ಹೆಜ್ಜೆ: ನಿಮ್ಮ ಜೇಬಿಗೆ ಕೈಹಾಕುವ ಮುನ್ನ

ಎಕ್ಸ್‌ಟೆಂಡೆಡ್ ವಾರಂಟಿ ಪತ್ರವನ್ನು ಹುಡುಕಿ ತೆಗೆಯಿರಿ. ಕಾರು ಕೊಂಡ ದಿನದ ಕಾಗದಗಳ ನಡುವೆ ಮರೆತುಹೋಗಿರುತ್ತದೆ. ಕ್ಲಚ್ ಅನ್ನು ಸವೆಯುವ ಭಾಗವೆಂದು ಹೊರಗಿಟ್ಟಿದ್ದರೂ ಮೆಕಾಟ್ರಾನಿಕ್, ಆಕ್ಚುಯೇಟರ್ ಒಳಗಿರಬಹುದು. ವಾರಂಟಿ ಮುಗಿದು ಕೆಲವೇ ತಿಂಗಳಾಗಿದ್ದರೆ, ಎಲ್ಲ ಸರ್ವಿಸ್ ಅಧಿಕೃತ ಕೇಂದ್ರದಲ್ಲೇ ಆಗಿದ್ದರೆ, ‘ಗುಡ್‌ವಿಲ್’ ಎಂಬ ಪದ ಬಳಸಿ ನೇರವಾಗಿ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಬರೆಯಿರಿ. ಬಿಡಿಭಾಗದ ಬೆಲೆಯಲ್ಲಿ ಒಂದಂಶವನ್ನು ಕಂಪನಿ ಹೊರುವುದುಂಟು. ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ.

ವಿಮೆಯ ಮಾತು. ಸಾಮಾನ್ಯ ಪಾಲಿಸಿ ಸವೆತಕ್ಕೆ ಹಣ ಕೊಡದು. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಇದ್ದರೆ ನೀರು ನುಗ್ಗಿದ ಅಥವಾ ಹಂಪ್‌ಗೆ ತಾಗಿ ಆಯಿಲ್ ಸೋರಿಹೋದ ಪ್ರಕರಣಗಳಲ್ಲಿ ಗೇರ್‌ಬಾಕ್ಸೂ ಸೇರಬಹುದು. ಷರತ್ತು ಓದಿ, ಮತ್ತು ಸರ್ವೇಯರ್ ನೋಡುವವರೆಗೆ ಏನನ್ನೂ ಬಿಚ್ಚಿಸಬೇಡಿ.

ಎಸ್ಟಿಮೇಟ್ ಹಳೆಯದಾಗಿದ್ದರೆ ಹೊಸದು ಕೇಳಿ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ 28ರಿಂದ ಶೇ 18ಕ್ಕೆ ಇಳಿದಿದೆ.

ಆರನೆಯ ಹೆಜ್ಜೆ: ಈಗ ತೀರ್ಮಾನ

ಆಯ್ಕೆ ಎರಡೇ ಅಲ್ಲ, ಐದಿವೆ: ಕೆಟ್ಟ ಭಾಗ ಮಾತ್ರ ಬದಲಿಸುವುದು, ಓವರ್‌ಹಾಲ್, ಕಾರ್ಖಾನೆಯಲ್ಲಿ ಮರುನಿರ್ಮಿಸಿದ ಯೂನಿಟ್, ಹೊಚ್ಚ ಹೊಸ ಯೂನಿಟ್, ಗುಜರಿಯ ಯೂನಿಟ್.

ಪ್ಯಾನ್ ಸ್ವಚ್ಛ, ದೋಷ ಎಲೆಕ್ಟ್ರಾನಿಕ್ಸ್ ಅಥವಾ ವಾಲ್ವ್ ಬಾಡಿಯಲ್ಲಿ ಎಂದು ಖಚಿತವಾದರೆ ಆ ಭಾಗ ಮಾತ್ರ. ಟಾರ್ಕ್ ಕನ್ವರ್ಟರ್ ಜಾತಿ, ಪ್ಲೇಟು ಸವೆದಿವೆ, ಆದರೆ ಗಟ್ಟಿ ಭಾಗಗಳು ಚೆನ್ನಾಗಿವೆ, ಜೊತೆಗೆ ಆ ಮಾದರಿಯನ್ನು ಹಿಂದೆ ಬಿಚ್ಚಿ ಕಟ್ಟಿದ ತಜ್ಞರು ಸಿಕ್ಕಿದ್ದಾರೆ ಎಂದರೆ ಓವರ್‌ಹಾಲ್. ಉಕ್ಕಿನ ಚಕ್ಕೆ, ಒಡೆದ ಕವಚ, ಗೀಚಿದ ಸಿವಿಟಿ ಪುಲ್ಲಿ, ಒಳಗೆ ಹರಡಿದ ನೀರು: ಇವುಗಳಿಗೆ ಇಡೀ ಯೂನಿಟ್. ಕಾರ್ಖಾನೆಯಲ್ಲಿ ಮರುನಿರ್ಮಿಸಿದ್ದು ಸಿಕ್ಕರೆ ಹೊಸದಕ್ಕಿಂತ ಅದು ಮೇಲು ಎಂಬುದು ನನ್ನ ಅಭಿಪ್ರಾಯ. ಬೆಲೆ ಕಡಿಮೆ, ಅಲ್ಲದೆ ಆ ಮಾದರಿಯ ತಿಳಿದ ದೌರ್ಬಲ್ಯಗಳನ್ನು ಅಷ್ಟರಲ್ಲಿ ಸರಿಪಡಿಸಿರುತ್ತಾರೆ. ಹಳೆಯ ಯೂನಿಟ್ ಹಿಂದಿರುಗಿಸಿದರೆ ಎಷ್ಟು ಕಳೆಯುತ್ತಾರೆ ಎಂದು ಆಗಲೇ ಕೇಳಿ.

ಗುಜರಿ ಯೂನಿಟ್. ಶಿವಾಜಿನಗರದ ಗುಜರಿಯಲ್ಲಿ ಸಿಗದ ಭಾಗವಿಲ್ಲ ಎಂಬ ಮಾತು ಬೆಂಗಳೂರಿನಲ್ಲಿ ಹಳೆಯದು. ಆದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆರೋಗ್ಯ ಹೊರಗಿನಿಂದ ಕಾಣುವುದಿಲ್ಲ, ಅಪಘಾತದ ಕಾರಿನದೋ ನೆರೆಯಲ್ಲಿ ಮುಳುಗಿದ್ದೋ ಯಾರಿಗೆ ಗೊತ್ತು? ಕೆಲವು ಕಂಪನಿಗಳ ಕಂಟ್ರೋಲ್ ಘಟಕಗಳು ಮೂಲ ಕಾರಿಗೆ ಬೀಗ ಹಾಕಿಕೊಂಡಿರುತ್ತವೆ, ಇನ್ನೊಂದರಲ್ಲಿ ಕೂರಿಸಿದರೆ ಕಾರು ಸ್ಟಾರ್ಟೇ ಆಗದು. ಹದಿನೈದು ವರ್ಷದ, ಹೇಗಾದರೂ ಇನ್ನೆರಡು ವರ್ಷ ಓಡಿದರೆ ಸಾಕು ಎನ್ನುವ ಕಾರಿಗೆ ಮಾತ್ರ ಆ ಜೂಜು.

ಹಣದ ಲೆಕ್ಕಕ್ಕೆ ನಾನು ಇಟ್ಟುಕೊಂಡಿರುವ ಅಳತೆ: ರಿಪೇರಿ ವೆಚ್ಚವನ್ನು ಕಾರಿನ ಮಾರಾಟ ಬೆಲೆಯೊಡನೆ ಹೋಲಿಸಬೇಡಿ, ಗೇರ್‌ಬಾಕ್ಸ್ ಸರಿಯಿರುವ ಕಾರಿನ ಬೆಲೆಗೂ ಕೆಟ್ಟಿರುವ ಕಾರಿನ ಬೆಲೆಗೂ ಇರುವ ಅಂತರದೊಡನೆ ಹೋಲಿಸಿ. ಕೆಟ್ಟ ಗೇರ್‌ಬಾಕ್ಸಿನ ಕಾರನ್ನು ಕೇಳುವವರು ಹೆಚ್ಚಾಗಿ ಗುಜರಿಯವರೇ.

ಏಳನೆಯ ಹೆಜ್ಜೆ: ಕೆಲಸ ನಡೆಯುವಾಗ ಕೇಳಬೇಕಾದ್ದು

ನನ್ನ ಬಂಧುವಿನ ಎರಡು ಓವರ್‌ಹಾಲ್ ಏಕೆ ಸೋತವು ಗೊತ್ತೇ? ಪ್ಲೇಟು, ಸೀಲು ಎಲ್ಲ ಹೊಸದಾಗಿ ಹಾಕಿದ್ದರು, ಜೋಡಣೆಯೂ ಸರಿಯಿತ್ತು. ಕೂಲರ್ ತೊಳೆದಿರಲಿಲ್ಲ, ಹಳೆಯ ಟಾರ್ಕ್ ಕನ್ವರ್ಟರನ್ನೇ ಮತ್ತೆ ಕೂರಿಸಿದ್ದರು. ಅವೆರಡರಲ್ಲಿ ಉಳಿದಿದ್ದ ಹಳೆಯ ಪುಡಿ ಹೊಸ ಆಯಿಲ್ ಜೊತೆ ಹೊರಟು ಹೊಸ ವಾಲ್ವುಗಳಲ್ಲಿ ಸಿಕ್ಕಿಕೊಂಡಿತು. ಎರಡನೆಯ ಸಲವೂ ಅದೇ ತಪ್ಪು. ಇಡೀ ಯೂನಿಟ್ ಬದಲಿಸುವಾಗಲೂ ಇದೇ ಅಪಾಯವಿದೆ. ಹೊಸ ಗೇರ್‌ಬಾಕ್ಸ್, ಹಳೆಯ ಕೊಳಕು ಕೂಲರ್!

ಆದ್ದರಿಂದ ಯಾವ ದಾರಿ ಹಿಡಿದರೂ ಎಸ್ಟಿಮೇಟಿನಲ್ಲಿ ಈ ಸಾಲುಗಳಿವೆಯೇ ನೋಡಿ: ಕೂಲರ್ ಮತ್ತು ಅದರ ಪೈಪುಗಳ ತೊಳೆತ ಅಥವಾ ಬದಲಾವಣೆ, ಟಾರ್ಕ್ ಕನ್ವರ್ಟರ್ ಬದಲಾವಣೆ ಅಥವಾ ಕತ್ತರಿಸಿ ಮರುನಿರ್ಮಾಣ, ಕಂಪನಿ ಹೇಳಿದ ನಿರ್ದಿಷ್ಟ ಆಯಿಲ್ (ಸಿವಿಟಿಗೆ ಸಿವಿಟಿಯದೇ), ಫಿಲ್ಟರ್, ಆಕ್ಸಲ್ ಸೀಲುಗಳು, ಕೋಡಿಂಗ್ ಮತ್ತು ಅಡಾಪ್ಟೇಷನ್ (ಹೊಸ ಭಾಗವನ್ನು ಕಾರಿನ ಕಂಪ್ಯೂಟರಿಗೆ ಪರಿಚಯಿಸಿ ಹೊಂದಿಸುವುದು). ಓವರ್‌ಹಾಲ್ ಆದರೆ ಬಿಚ್ಚಿದ ಭಾಗಗಳ ಫೋಟೊ, ಬದಲಿಸಿದ ಪ್ರತಿಯೊಂದು ಭಾಗದ ಪಟ್ಟಿ. ಯೂನಿಟ್ ಬದಲಾವಣೆಯಾದರೆ ಹೊಸದರ ಪಾರ್ಟ್ ನಂಬರ್ ಮತ್ತು ಸೀರಿಯಲ್ ನಂಬರ್ ಬಿಲ್ಲಿನಲ್ಲಿ.

ವಾರಂಟಿ ಎಷ್ಟು ತಿಂಗಳು, ಎಷ್ಟು ಕಿಲೋಮೀಟರ್, ಭಾಗಕ್ಕೆ ಮಾತ್ರವೋ ಕೂಲಿಗೂ ಸೇರಿಯೋ ಎಂಬುದು ಬಿಲ್ಲಿನ ಮೇಲೆಯೇ ಇರಲಿ. ‘ನಾವಿದ್ದೇವಲ್ಲ ಸಾರ್’ ಎಂಬುದು ವಾರಂಟಿ ಅಲ್ಲ.

ಎಂಟನೆಯ ಹೆಜ್ಜೆ: ಕಾರು ಕೈಗೆ ಪಡೆಯುವಾಗ

ಬೆಳಿಗ್ಗೆ ತಣ್ಣಗಿರುವ ಎಂಜಿನ್‌ನಲ್ಲಿ ಸ್ಟಾರ್ಟ್ ಮಾಡಿಸಿ. ಎಷ್ಟೋ ದೋಷಗಳು ತಣ್ಣಗಿದ್ದಾಗ ಮಾತ್ರ, ಇನ್ನೆಷ್ಟೋ ಚೆನ್ನಾಗಿ ಕಾದ ಮೇಲೆ ಮಾತ್ರ ಕಾಣುತ್ತವೆ. ಅರ್ಧ ಗಂಟೆಯಾದರೂ ಓಡಿಸಿ: ಟ್ರಾಫಿಕ್‌ನಲ್ಲಿ ತೆವಳಿಸಿ, ಒಂದು ಮೇಲ್ಸೇತುವೆಯ ಏರಿನಲ್ಲಿ ನಿಲ್ಲಿಸಿ ಹೊರಡಿಸಿ, ರಿವರ್ಸ್‌ನಲ್ಲಿ ದಿಬ್ಬ ಹತ್ತಿಸಿ. ಹಿಂದಿರುಗಿ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ, ಪ್ರತಿ ಪಡೆಯಿರಿ. ಆಯಿಲ್ ಮಟ್ಟವನ್ನು ಕಂಪನಿ ಹೇಳಿದ ತಾಪಮಾನದಲ್ಲಿ ನೋಡಿದ್ದಾರೆಯೇ ಕೇಳಿ. ಹೆಚ್ಚಿನ ಹೊಸ ಗೇರ್‌ಬಾಕ್ಸ್‌ಗಳಲ್ಲಿ ಡಿಪ್‌ಸ್ಟಿಕ್ ಇಲ್ಲ, ತಣ್ಣಗಿರುವಾಗ ಅಳೆದ ಮಟ್ಟ ತಪ್ಪಾಗಿರುತ್ತದೆ. ಮೊದಲ ಕೆಲವು ದಿನ ಗೇರ್ ಬದಲಾವಣೆ ಸ್ವಲ್ಪ ಒರಟಾಗಿರಬಹುದು, ಕಂಪ್ಯೂಟರ್ ಹೊಸ ಪ್ಲೇಟುಗಳನ್ನು ಕಲಿಯುತ್ತಿರುತ್ತದೆ. ಆದರೆ ಜಾರುವಿಕೆ ಒಂದು ದಿನವೂ ಇರಕೂಡದು.

ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಮರುನಿರ್ಮಾಣಕ್ಕೆ ವಾಪಸ್ ಹೋಗುವುದಾದರೆ ಸೀರಿಯಲ್ ನಂಬರ್ ಕಾಣುವಂತೆ ಫೋಟೊ.

ಜಗಳಕ್ಕೆ ನಿಂತರೆ

ತಪ್ಪು ತಪಾಸಣೆ, ಅರೆಬರೆ ಕೆಲಸ, ನಿರಾಕರಿಸಿದ ವಾರಂಟಿ: ಮೊದಲು ಲಿಖಿತ ದೂರು ಕಂಪನಿಗೆ. ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಗೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ದೂರು. ನೀವು ಪಾವತಿಸಿದ ಮೊತ್ತ 50 ಲಕ್ಷದವರೆಗಿದ್ದರೆ ಜಿಲ್ಲೆಯಲ್ಲೇ ವಿಚಾರಣೆ, 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ತೊಂದರೆ ಉಂಟಾದ ಎರಡು ವರ್ಷದೊಳಗೆ ಹೋಗಬೇಕು. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ದೋಷಯುಕ್ತ ಭಾಗವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಭಾಗವೇ ಇಲ್ಲದಿದ್ದರೆ ಕಳಿಸುವುದೇನನ್ನು? ಡಿಕ್ಕಿಯಲ್ಲಿ ಎಣ್ಣೆ ಸೋರಿದರೂ ಸರಿ, ಆ ಹಳೆಯ ವಾಲ್ವ್ ಬಾಡಿಯನ್ನು ಗೋಣಿಚೀಲದಲ್ಲಿ ಸುತ್ತಿ ಮನೆಗೆ ತನ್ನಿ. ನನ್ನದು ಈಗಲೂ ಅಟ್ಟದ ಮೇಲಿದೆ.

ಒಂದು ಮಾತು ಉಳಿಯಿತು. ‘ಲೈಫ್‌ಟೈಮ್ ಆಯಿಲ್, ಬದಲಿಸುವುದೇ ಬೇಡ’ ಎಂದು ನನಗೆ ಎಂಟು ವರ್ಷ ಹೇಳುತ್ತಲೇ ಬಂದಿದ್ದರು. ಯಾರ ಲೈಫ್‌ಟೈಮ್ ಎಂದು ನಾನೂ ಕೇಳಿರಲಿಲ್ಲ. ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿಯೇ ತನ್ನ ಆಟೊಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿಲೋಮೀಟರಿನೊಳಗೆ ಅಥವಾ ಹೆಚ್ಚೆಂದರೆ ಎಂಟು ವರ್ಷಕ್ಕೆ ಆಯಿಲ್ ಬದಲಿಸಲು ಶಿಫಾರಸು ಮಾಡುತ್ತದೆ. ನಮ್ಮ ಬಿಸಿಲು, ಟ್ರಾಫಿಕ್, ಘಾಟಿಗಳಿಗೆ ನಾನು 60,000 ಎಂದು ಇಟ್ಟುಕೊಂಡಿದ್ದೇನೆ. ಮುಂದಿನ ಬದಲಾವಣೆಯ ಕಿಲೋಮೀಟರ್ ಬರೆದ ಚೀಟಿಯನ್ನು ಸ್ಪೀಡೋಮೀಟರಿನ ಪಕ್ಕದಲ್ಲೇ ಅಂಟಿಸಿದ್ದೇನೆ.